ಹಾಳೆಯ ಹಿಂಬದಿಯ ಮನೆ

ಉಸ್ತಾದರ ಬಲಗೈ ಹೆಬ್ಬೆರಳಿನ ಉಗುರು ಸದಾ ನೀಲಿ. ಸೀಮೆಎಣ್ಣೆ ಹಾಕಿ ಎಷ್ಟು ತಿಕ್ಕಿದರೂ ಆ ಬಣ್ಣ ಬಿಡುತ್ತಿರಲಿಲ್ಲ. ಪಣಜಿಯಿಂದ ತುಸು ದೂರದ ಮಂಗೋರ್ ಹಿಲ್‌ನ ಅವರ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಮದುವೆ ಕಾರ್ಡಿನ ಕನ್ನಡ ಅಕ್ಷರ ಬರೆದುಕೊಡುತ್ತಿದ್ದವನು ನಾನು. ವಿಜಾಪುರ ಕಡೆಯ ಈ ಮನುಷ್ಯ ಒಂದು ಕಡೆ ಕೂತಿದ್ದನ್ನು ನಾನು ಕಂಡಿಲ್ಲ. ಚಹಾ ಕೂಡ ನಿಂತೇ ಕುಡಿಯುವರು. ಬಣ್ಣ ಗೆರೆಯಿಂದ ಕೂದಲೆಳೆಯಷ್ಟು ಸರಿದರೂ ಕಾರ್ಡು ಹರಿದು ಬಿಸಾಕಿ ಮತ್ತೆ ಮೊದಲಿನಿಂದ ಶುರು. ನನ್ನ ತಲೆ ಕೆಡುತ್ತಿತ್ತು.

ತೊಂಬತ್ತರ ದಶಕದ ಆರಂಭದಲ್ಲಿ ಪಣಜಿಯ ಕಲಾವಿದರೊಬ್ಬರು ನಲವತ್ತು ದಪ್ಪ ಹಾಳೆ ಹಿಡಿದುಕೊಂಡು ಬಂದರು. ನಲವತ್ತೇ ಪ್ರತಿ, ಒಂದೊಂದಕ್ಕೂ ನಂಬರು ಹಾಕಿ, ಸಹಿ ಮಾಡಿ ಮಾರಾಟಕ್ಕಿಡುವುದು. ಚಿತ್ರವೆಂದರೆ ಕಪ್ಪು ಗೆರೆಯ ಒಂದು ಮನೆ. ಅದರ ಕೆಂಪು ಬಣ್ಣ ಮಾತ್ರ ಗೆರೆಯ ಹೊರಗೆ, ಪಕ್ಕಕ್ಕೆ ಬಿದ್ದಿರಬೇಕು. ಊರು ಬಿಟ್ಟು ಬಂದವರು ಎಲ್ಲೂ ಪೂರ್ತಿ ಕೂಡುವುದಿಲ್ಲ, ಅದೇ ಇದರ ವಿಚಾರ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಉಸ್ತಾದರು ತಲೆಯಾಡಿಸಿದರು.

ಮಾರಾಟದ ಹಿಂದಿನ ದಿನ ಕಲಾವಿದರು ಬಂದು ನೋಡಿದರೆ, ನಲವತ್ತರಲ್ಲೂ ಕೆಂಪು ಬಣ್ಣ ಮನೆಯೊಳಗೆ ನೆಟ್ಟಗೆ ಕೂತಿತ್ತು! ಅಂಥ ಕಾಗದ ಬೇರೆ ಇರಲಿಲ್ಲ. ಕೆಲಸ ಕೆಡಿಸಿದರೆಂಬ ಮಾತು ಹಬ್ಬಿದರೆ ಇಷ್ಟು ವರ್ಷ ಕಾಯ್ದುಕೊಂಡ ಹೆಸರು ಮಣ್ಣುಪಾಲು. ಹೀಗೇಕೆ ಮಾಡಿದಿರಿ ಎಂದು ಉಸ್ತಾದರ ಮೇಲೆ ರೇಗಿದೆ.

"ಕೈ ಕೇಳಲಿಲ್ರಿ ಮಾಸ್ತರ. ನಾವೂ ಊರು ಬಿಟ್ಟು ಬಂದವ್ರ. ಮನಿ ಹೊರಗ ಬಿದ್ದೇವೇನ್ರಿ?"

ಕಲಾವಿದರು ಒಂದೊಂದೇ ಹಾಳೆ ಎತ್ತಿ ನೋಡಿದರು. ಕೊನೆಗೆ ಉಸ್ತಾದರೇ ಹಾಳೆಗಳನ್ನು ಮಗುಚಿ, ಹಿಂಬದಿಗೆ ಕಲಾವಿದರು ಹೇಳಿದಂತೆಯೇ ಬಣ್ಣ ಸರಿಸಿ ಸಂಜೆಯೊಳಗೆ ಮುದ್ರಿಸಿಕೊಟ್ಟರು. ಕಲಾವಿದರು ಆ ಬದಿಗೆ ಸಹಿ ಹಾಕಿದರು. ನೆಟ್ಟಗಿನ ಮನೆಯ ಮೂಲೆಯಲ್ಲಿ ಉಸ್ತಾದರು ನೀಲಿ ಹೆಬ್ಬೆಟ್ಟು ಒತ್ತಿದರು. ಗೋಡೆಗೆ ಮುಖ ಮಾಡುವ ಬದಿಯನ್ನು ಯಾರು ನೋಡುತ್ತಾರೆ ಎಂದೆ.

"ಗ್ವಾಡಿ ನೋಡ್ತೈತಿ, ಬಿಡ್ರಿ."

ಉಸ್ತಾದರು ತೀರಿಕೊಂಡ ಮರುವರ್ಷ ಪಣಜಿಯಲ್ಲಿ ಚಿತ್ರ ಮಾರುವ ಅಂಗಡಿಯೊಂದಕ್ಕೆ ಬೋರ್ಡು ಬರೆಯಲು ಹೋಗಿದ್ದೆ. ಆ ಚಿತ್ರ ಅಲ್ಲಿ ಮತ್ತೆ ಮಾರಾಟಕ್ಕಿತ್ತು, ನಲವತ್ತರಲ್ಲಿ ಹದಿನೇಳನೆಯದು. ಹಿಂದೆ ಇನ್ನೊಂದು ಮನೆಯಿದೆ, ಒಮ್ಮೆ ಬಿಚ್ಚಿ ತೋರಿಸಿ ಎಂದು ಅಂಗಲಾಚಿದೆ. ಕೊಳ್ಳದವನಿಗಾಗಿ ಚೌಕಟ್ಟು ಬಿಚ್ಚುತ್ತಾರೆಯೇ ಎಂದು ಮಾಲೀಕ ನಕ್ಕ. ಹೊರಗೆ ಬಂದು ಆಗಷ್ಟೇ ಬರೆದಿದ್ದ ನನ್ನ ಬೋರ್ಡು ನೋಡಿದೆ. ಒಂದು ಅಕ್ಷರ ತುಸು ಸರಿದಿತ್ತು. ಬೇರೆ ಯಾರಿಗೂ ಕಾಣುವಂತಿರಲಿಲ್ಲ. ಒರೆಸಿ, ಮತ್ತೆ ಮೊದಲಿನಿಂದ ಬರೆದೆ.