ಮಿಸೆಸ್ ಹ್ಯಾಟಿ ಜಾನ್ಸನ್‌ಗೆ ಮೊದಲ ಗ್ಲಾಸ್

ಶಿರ್ವ ಕಡೆಯ ಕ್ರೈಸ್ತರ ಮದುವೆಗಳಲ್ಲಿ ಮೈಕ್ ಹಿಡಿದು, ವೈನ್ ಗ್ಲಾಸ್ ಎತ್ತಿಸಿ ಹಾರೈಸುವ ಟೋಸ್ಟ್ ಹೇಳುವವರು ಪಂಪ್‌ಸೆಟ್ ರಿಪೇರಿಯ ಇಮ್ಯಾನುಯೆಲ್. ಅವರ ಮಾತು ಉದ್ದ, ಹಸಿದವರಿಗೆ ಶಿಕ್ಷೆ. ವಧೂವರರ ಅಜ್ಜ ಅಜ್ಜಿಯರನ್ನು ಹೆಸರು ಹಿಡಿದು, ಗೌರವದಿಂದ ನೆನೆಯದೆ ಅವರು ಯಾರಿಂದಲೂ ಗ್ಲಾಸ್ ಎತ್ತಿಸುವುದಿಲ್ಲ. ಆ ಹಟ ನನಗೆ ಎಂದೂ ಹಿಡಿಸಿರಲಿಲ್ಲ.

ಕಳೆದ ಜನವರಿಯಲ್ಲಿ ಕಾರ್ಲ್ಟನ್‌ರ ಮಗಳು ಆಶ್ಲಿಯ ಮದುವೆ. ವರ ಡ್ಯಾರಿಲ್ ಮಣಿಪಾಲದಲ್ಲಿ ಅವಳೊಂದಿಗೆ ಡಾಕ್ಟರಿಕೆ ಓದಿದವನು, ಅಮೆರಿಕದ ಕಪ್ಪು ಜನಾಂಗದವನು. ಅವನ ಕಡೆಯಿಂದ ಬಂದವರು ತಾಯಿ ಶಾರ್ಲೆಟ್ ಒಬ್ಬರೇ. ವಧುವಿನ ಸೋದರತ್ತೆ ಗ್ಲ್ಯಾಡಿಸ್ ಬೆಳಗಿನಿಂದಲೇ ಮುಖ ಗಂಟು ಹಾಕಿಕೊಂಡಿದ್ದರು. ಇಮ್ಯಾನುಯೆಲರನ್ನು ಕರೆದು ಹೇಳಿದರು,

"ಹುಡುಗ ಡಾಕ್ಟರ್ ಅಂತ ಹೇಳಿದರೆ ಸಾಕು ಮಾರಾಯ್ರೇ. ಅವರ ಅಜ್ಜ ಅಜ್ಜಿ ಸುದ್ದಿ ಎಂತಕ್ಕೆ? ಆಗದಿದ್ದರೆ ಮೈಕ್ ಬೇರೆಯವರಿಗೆ ಕೊಡುತ್ತೇವೆ."

"ಬಂದವರಿಗೆ ಮರ್ಯಾದೆ ಬೇಡವಾ?" ಎಂದರು ಇಮ್ಯಾನುಯೆಲ್. ಕಾರ್ಲ್ಟನ್ ಕುರ್ಚಿ ಎಣಿಸುವ ನೆಪದಲ್ಲಿ ಆಚೆ ಹೋದರು.

ಇಮ್ಯಾನುಯೆಲ್ ನೇರ ಶಾರ್ಲೆಟ್ ಬಳಿ ಹೋಗಿ, ಹರಕು ಇಂಗ್ಲಿಷಿನಲ್ಲಿ ಡ್ಯಾರಿಲ್‌ನ ಅಜ್ಜಿಯ ಬಗ್ಗೆ ಕೇಳಿದರು. ಆಕೆ ಹೇಳತೊಡಗಿದರು. ಅಜ್ಜಿ ಹ್ಯಾಟಿ ಜಾನ್ಸನ್ ಬಿಳಿಯರ ಮನೆಗಳಲ್ಲಿ ಬಟ್ಟೆ ಒಗೆಯುತ್ತಿದ್ದರು. ಮುದುಕಿಯಾದ ಮೇಲೂ ಆ ಮನೆಗಳ ಮಕ್ಕಳಿಗೆ ಅವರು ಬರೀ ಹ್ಯಾಟಿ. ಕಪ್ಪು ಹೆಂಗಸಿನ ಹೆಸರಿಗೆ ಗೌರವದ ಮಿಸೆಸ್ ಸೇರಿಸುವ ರೂಢಿ ಅಲ್ಲಿನ ಬಿಳಿಯರಲ್ಲಿ ಇರಲಿಲ್ಲ. ಮತದಾರರ ಪಟ್ಟಿಗೆ ಸೇರಲು ಹೋದಾಗಲೆಲ್ಲ ಅಧಿಕಾರಿಗಳು ಉತ್ತರವಿಲ್ಲದ ಪ್ರಶ್ನೆ ಕೇಳಿ ಹಿಂದೆ ಕಳಿಸುತ್ತಿದ್ದರು. ಕೊನೆಗೆ ಅದನ್ನು ತಡೆಯುವ ಕಾನೂನು ಬಂತು. ಅಜ್ಜಿ ಚರ್ಚಿಗೆ ಹಾಕುವ ಹ್ಯಾಟ್ ಧರಿಸಿ ಹೋಗಿ ಮತ ಹಾಕಿ ಬಂದರು.

ಸಂಜೆ ಹಾಲ್ ತುಂಬಿತ್ತು. ನನ್ನ ಪಕ್ಕದಲ್ಲೇ ಗ್ಲ್ಯಾಡಿಸ್. ಇಮ್ಯಾನುಯೆಲ್ ಕೊಂಕಣಿಯಲ್ಲೂ ಇಂಗ್ಲಿಷಿನಲ್ಲೂ ಅಷ್ಟನ್ನೂ ಹೇಳಿದರು, ಒಂದು ಚೂರೂ ಬಿಡದೆ.

"ನಮ್ಮ ಗದ್ದೆಗೆ ಕೆಲಸಕ್ಕೆ ಬಂದವರನ್ನು ನಾವು ಹೇಗೆ ಕರೆಯುತ್ತಿದ್ದೆವು ಅಂತ ನಮಗೂ ಗೊತ್ತುಂಟು ಅಲ್ವಾ? ಇವತ್ತು ಮೊದಲ ಗ್ಲಾಸ್ ಮಿಸೆಸ್ ಹ್ಯಾಟಿ ಜಾನ್ಸನ್ ಅವರಿಗೆ. ಎದ್ದು ನಿಲ್ಲುವ."

ಮೊದಲು ಎದ್ದವರು ಕಾರ್ಲ್ಟನ್. ಆಮೇಲೆ ಇಡೀ ಹಾಲ್ ಎದ್ದಿತು, ಹೆಸರು ಕೂಗಿ "ವಿವಾ" ಎಂದು ಜಯಕಾರ ಹಾಕಿತು. ಶಾರ್ಲೆಟ್ ತಲೆ ಎತ್ತಿ ನಿಂತು, ಕಣ್ಣೀರನ್ನು ಒರೆಸಿಕೊಳ್ಳದೆ, ಇಮ್ಯಾನುಯೆಲರಿಗೆ, "ಇನ್ನೊಂದು ಸಲ ಹೇಳಿ" ಎಂದರು.

ಇನ್ನೊಂದು ಸಲ ಹೇಳಿದರು. ಹಾಲ್ ಇನ್ನೂ ಜೋರಾಗಿ ಕೂಗಿತು. ಈ ಸಲ ಗ್ಲ್ಯಾಡಿಸ್ ಕೂಡ "ಮಿಸೆಸ್ ಹ್ಯಾಟಿ ಜಾನ್ಸನ್" ಎಂದರು. ನಾನೇ ಕಿವಿಯಾರೆ ಕೇಳಿದೆ.