ಮಾಚಿಪತ್ರೆಯ ಕಾವು

ಗಂಡ ನಾಣಿ ತೀರಿಕೊಂಡಾಗ ಚಾಮುಂಡಿಯ ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ. ಪೆಟಾಲಿಂಗ್ ಜಯಾ ಎಂಬ ಆ ಪರದೇಶದ ಊರಿನ ಕನ್ನಡದವರೆಲ್ಲ ಬಂದು ಅತ್ತು ಹೋದರು. ಇವಳು ಅವರ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಟ್ಟಳು. "ಕಲ್ಲೆದೆ ಬಿಡಿ" ಎಂದು ಯಾರೋ ಲಿಫ್ಟಿನ ಹತ್ತಿರ ಅಂದದ್ದು ಅವಳ ಕಿವಿಗೇ ಬಿತ್ತು. ಅಂದವರ ಬಾಯಿಗೆ ಹುಳ ಬೀಳಲಿ! ಆದರೆ ಚಾಮುಂಡಿಗೆ ಸಿಟ್ಟೂ ಬರಲಿಲ್ಲ. ನಿಜವೇ ಇರಬಹುದೇನೋ ಎಂಬ ಹೆದರಿಕೆಯೊಂದು ಮಾತ್ರ ಒಳಗೆ ಉಳಿಯಿತು.

ಆಮೇಲೆ ಅಂಗಾಲು ಜೋಮು ಹಿಡಿಯಿತು. ಒಂದು ಚಪ್ಪಲಿ ಎಲ್ಲೋ ಕಳಚಿಬಿದ್ದರೂ ಗೊತ್ತಾಗದೆ ಹಾಗೇ ರೈಲು ಹತ್ತಿ ಆಫೀಸು ಮುಟ್ಟಿದ್ದೂ ಉಂಟು. ಆಸ್ಪತ್ರೆಯವರು ಎಲ್ಲ ಪರೀಕ್ಷೆ ಮಾಡಿ, ಸಕ್ಕರೆಯಿಲ್ಲ, ನರವೂ ಸರಿಯಿದೆ ಎಂದರು. ಮಗಳು ಇಂಚರ ಬಿಡಬೇಕಲ್ಲ!

"ಅಮ್ಮ, ಜಸ್ಟ್ ಟ್ರೈ ಲಾ" ಎಂದು ಅಲ್ಲಿಯವರ ಧಾಟಿಯಲ್ಲೇ ಹೇಳಿ ಮೇಡಂ ಲಿಯಾಂಗ್ ಅವರ ಚೀನೀ ವೈದ್ಯದ ಅಂಗಡಿಗೆ ಎಳೆದೊಯ್ದಳು.

ಪಾದಕ್ಕೆ ಶಾಖ ಕೊಡಲೆಂದು ಮೇಡಂ ಒಣಸೊಪ್ಪನ್ನು ಕಾಗದದಲ್ಲಿ ಸುತ್ತಿದ ಹೆಬ್ಬೆರಳುದಪ್ಪದ ಬತ್ತಿಯೊಂದಕ್ಕೆ ಬೆಂಕಿ ಹಚ್ಚಿದರು. ಹೊಗೆ ಮೂಗಿಗೆ ಬಡಿದದ್ದೇ ತಡ, ಚಾಮುಂಡಿ ಕಾಲನ್ನು ಸರಕ್ಕನೆ ಎಳೆದುಕೊಂಡಳು.

"ಇದು ಮಾಚಿಪತ್ರೆ ಅಲ್ವೇನೇ? ಗಣಪತಿಗೆ ಏರಿಸೋದನ್ನ ಕಾಲಿಗೆ ಹಿಡೀತಾರಾ?"

"ಮೆಡಿಸಿನ್, ಅಮ್ಮ! ಗಾಡ್ ವೋಂಟ್ ಮೈಂಡ್."

"ತಪ್ಪಾಯ್ತಪ್ಪಾ" ಎಂದು ಗಲ್ಲ ತಟ್ಟಿಕೊಂಡು ಚಾಮುಂಡಿ ಮತ್ತೆ ಕಾಲು ಚಾಚಿ ಮಲಗಿದಳು.

ಬತ್ತಿಯ ಕೆಂಡ ಚರ್ಮವನ್ನು ಮುಟ್ಟುವುದಿಲ್ಲ, ಮೇಲೆಯೇ ಸುಳಿದಾಡುತ್ತದೆ. ತಾಳಲಾಗದಿದ್ದರೆ 'ಪನಾಸ್', ಅಂದರೆ ಬಿಸಿ, ಅನ್ನಬೇಕು. ಮೇಡಂ ಕೈ ಹಿಂತೆಗೆಯುತ್ತಾರೆ. ಚಾಮುಂಡಿ ಕಾದಳು. ಏನೂ ತಿಳಿಯಲಿಲ್ಲ. ಮುಗಿದರೆ ಸಾಕಪ್ಪ ಎಂದು "ಪನಾಸ್" ಎಂದಳು.

ಮುಖ ಕಿವುಚದೆ ಪನಾಸ್ ಅನ್ನುವವರನ್ನು ಮೇಡಂ ಎಷ್ಟು ಜನ ಕಂಡಿಲ್ಲ! ಅವರು ತಮ್ಮ ಎರಡು ಬೆರಳುಗಳನ್ನು ಅವಳ ಪಾದದ ಮೇಲೆ, ಕೆಂಡದ ಕಾವು ಬೀಳುವಲ್ಲೇ ಊರಿದರು. "ನಿನ್ನ ಕಾಲು ಮಲಗಿದೆ. ಅದರ ಬದಲು ನನ್ನ ಬೆರಳು ಹೇಳುತ್ತೆ" ಎಂದರು ಮುರುಕು ಇಂಗ್ಲಿಷಿನಲ್ಲಿ.

ನಾಣಿಯೂ ಹೀಗೆಯೇ. ಅವಳ ಸ್ನಾನದ ಬಕೆಟ್ಟಿಗೆ ಮೊದಲು ತನ್ನ ಬೆರಳು ಅದ್ದಿ, "ತಡಿಯೇ, ಸುಡುತ್ತೆ" ಅನ್ನದೆ ಬಿಟ್ಟವನಲ್ಲ. "ನಾನೇನು ಮಗುನಾ?" ಎಂದು ಇವಳು ರೇಗುತ್ತಿದ್ದಳು. ಈಗ ಅದು ನೆನಪಾಯಿತು. ನೆನಪಾದರೂ ಎದೆಯೊಳಗೆ ಏನೂ ಅಲುಗಲಿಲ್ಲ.

"ಐಯಾ, ಪನಾಸ್!" ಮೇಡಂ ಕೈ ಕಿತ್ತುಕೊಂಡರು. ಬೆರಳ ತುದಿ ಕೆಂಪಗಾಗಿತ್ತು.

ಚಾಮುಂಡಿ ಯೋಚಿಸಲೂ ಇಲ್ಲ. ಎದ್ದು ಕೂತು, ಆ ಬೆರಳುಗಳನ್ನು ಹಿಡಿದು ಉಫ್ ಉಫ್ ಎಂದು ಊದತೊಡಗಿದಳು. "ಅಯ್ಯೋ, ನನಗೋಸ್ಕರ ನೀವ್ಯಾಕ್ರೀ ಸುಟ್ಕೋತೀರ? ತುಂಬಾ ಉರೀತಿದೆಯಾ?" ಎಂದು ಕನ್ನಡದಲ್ಲೇ ಕೇಳಿದಳು. ಕೇಳುತ್ತ ಕೇಳುತ್ತ ಅಳು ಬಂತು, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು.

ಇಂಚರ ಗಾಬರಿಯಾಗಿ ಓಡಿಬಂದಳು. "ಅಮ್ಮಾ, ಕಾಲು ಸುಡ್ತಾ?"

"ಇಲ್ವೇ, ಕಾಲಿಗಿನ್ನೂ ಏನೂ ಗೊತ್ತಾಗ್ತಿಲ್ಲ" ಎಂದಳು ಚಾಮುಂಡಿ, ಹಿಡಿದ ಬೆರಳು ಬಿಡದೆ.