ಮೀನೆಣ್ಣೆ ತಿಂದ ಕರು

ಆಗ ನನಗೆ ಹದಿನೇಳು. ಅದಾಗಿ ಅರವತ್ತು ವರ್ಷ ದಾಟಿರಬೇಕು, ನಿಜಾಮರ ಕಾಲ. ರಾಯಚೂರಿಗೆ ಬಂದ ದಿನ ನಾನು ಮೊದಲು ಕಂಡದ್ದು ಮೀನಿನ ಎಣ್ಣೆ ಬೆರೆಸಿದ ತೌಡು ತಿನ್ನುವ ಕರುಗಳನ್ನು. ನಮ್ಮ ದೇವದುರ್ಗದಲ್ಲಿ ಇಂಥದ್ದು ಹೇಳಿದರೆ ಕಲ್ಲು ಹೊಡೆಯುತ್ತಿದ್ದರು.

ನನ್ನ ಗಂಡ ಮಾನ್ವಿಯವನು. ರಾಯಚೂರಿನ ಹೊರಗೆ ದನದ ಡಾಕ್ಟರೊಬ್ಬರ ದೊಡ್ಡಿಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು, ಇರಲು ಒಂದು ಖೋಲಿ ಕೊಟ್ಟಿದ್ದರು. ತವರಿನಲ್ಲಿ ಮದುವೆಗೆ ಕೊಟ್ಟ ಕರು ಚುಕ್ಕಿ, ಕಲ್ಮಲದ ದಾರಿಯಲ್ಲಿ ನಮ್ಮ ಬಂಡಿಯ ಹಿಂದೆ ನಡೆದು ಬಂದಿತ್ತು. "ಪುಕ್ಕಟೆ ಮೇವು ಸಿಗ್ತದ" ಎಂದು ಗಂಡ ಅದನ್ನೂ ದೊಡ್ಡಿಗೆ ಕಟ್ಟಿದ. ಅಲ್ಲಿ ಕರುಗಳ ಒಂದು ಸಾಲಿಗೆ ಎಣ್ಣೆ ಇಲ್ಲ, ಒಂದಕ್ಕೆ ಸ್ವಲ್ಪ, ಒಂದಕ್ಕೆ ಬಹಳ. ಎಣ್ಣೆಯೊಳಗಿನ ವಿಟಮಿನ್ ಎಲುಬಿಗೆ ಒಳ್ಳೆಯದಂತೆ. ಎಷ್ಟಾದರೆ ಕೆಡುಕು ಎಂದು ನೋಡುವುದು ಡಾಕ್ಟರರ ಕೆಲಸ. ಕಲಸಿ ಹಾಕುವುದು ನನ್ನದು. ಚುಕ್ಕಿ ಬಹಳದ ಸಾಲಿಗೆ ಬಿತ್ತು.

ನಮ್ಮ ಮನೆಯಲ್ಲಿ ಹೊಸ ಹಿಂಡಿ ಬಂದರೆ ಹೆಂಗಸು ಬಾಯಿಗಿಟ್ಟು ನೋಡಿಯೇ ಎತ್ತಿಗೆ ಹಾಕುವುದು. ನಾವು ಲಿಂಗ ಕಟ್ಟಿದವರು, ಮೀನು ಮುಟ್ಟುವುದಿಲ್ಲ. ಆದರೂ ದಿನಾ ಬೆಳಿಗ್ಗೆ ಒಂದು ಚಿಟಿಕೆ ನಾಲಿಗೆಗೆ ಹಚ್ಚಿದೆ. ವಾಂತಿಯಾಯಿತು. ಬಿಡಲಿಲ್ಲ.

ಡಾಕ್ಟರರು ನಕ್ಕರು. "ಏ ಹುಡುಗಿ, ನಿನ್ನ ನಾಲಿಗಿಗಿ ಏನ್ ತಿಳೀತದ? ಕರುವಿನ ಎಲುಬು ಹೇಳಬೇಕು. ತಿಂಗಳು ಹಿಡೀತದ."

"ನಾ ಬಾಯಿಗಿಡದಂಗ ದನಕ್ಕ ಹಾಕಿದ್ರ ನನಗ ಊಟ ಸೇರಂಗಿಲ್ರೀ."

ಬಾವಿಯ ಹತ್ತಿರ ತೆಲುಗಿನ ಹೆಂಗಸರು ನನ್ನನ್ನು 'ಚೇಪನೂನೆ' ಎಂದು ಕರೆದರು. ಅಂದರೆ ಮೀನೆಣ್ಣೆ. ಕಲಿತ ಮೊದಲ ತೆಲುಗು ಅದು. ಅವರು ಸೇದಿ ಹೋದ ಮೇಲೆ ನನ್ನ ಸರದಿ. ನಾಗರ ಪಂಚಮಿಗೆ ತವರಿಗೆ ಹೋದರೆ ಅವ್ವ ಹೊಸ್ತಿಲಲ್ಲೇ ತಡೆದಳು. "ಮೈಯೆಲ್ಲಾ ಮೀನು ನಾರಾಕತ್ತದ. ಕಟ್ಟಿ ಮ್ಯಾಲೆ ಕುಂದ್ರು ಯವ್ವಾ, ಉಂಡಿ ಅಲ್ಲೇ ತರ್ತೀನಿ." ಉಂಡಿ ಚೆನ್ನಾಗಿತ್ತು. ಕಟ್ಟೆಯ ಮೇಲೇ ತಿಂದು ಬಂದೆ.

ತಿರುಗಿ ಬರುವಷ್ಟರಲ್ಲಿ ಚುಕ್ಕಿ ಮೇವು ಬಿಟ್ಟಿತ್ತು. ಕಾಲು ಸೆಟೆದು ಏಳಲು ಆಗುತ್ತಿರಲಿಲ್ಲ.

"ಅದು ನನ್ನ ಕರು ರೀ ಯಪ್ಪಾ. ಇದೊಂದಕ್ಕ ಎಣ್ಣಿ ನಿಲ್ಲಿಸ್ರಿ."

"ನಡುವ ನಿಲ್ಲಿಸಿದ್ರ ಏನ್ ತಿಳೀತದ?" ಎಂದರು ಡಾಕ್ಟರರು. ಅವರ ಮಾತು ಒರಟಾಗಿರಲಿಲ್ಲ. ಅದಕ್ಕೇ ಜಗಳ ತೆಗೆಯಲು ಆಗಲಿಲ್ಲ.

ಚುಕ್ಕಿಯನ್ನು ಬಿಚ್ಚಿಕೊಂಡು ಹೋಗೋಣ ಎಂದು ಗಂಡನಿಗೆ ಹೇಳಿದೆ.

"ಎಲ್ಲಿಗಿ ಹೋಗ್ತೀಬೇ? ನಿಮ್ಮವ್ವನ ಕಟ್ಟಿಗೇನು?"

ಅವನು ಹೇಳಿದ್ದು ಖರೆ. ಎಣ್ಣೆ ಹಾಕುತ್ತಾ ಹೋದೆ. ಚುಕ್ಕಿ ತಿನ್ನದಿದ್ದರೆ ಬಾಯಿ ತೆರೆಸಿ ಬಿದಿರಿನ ಗೊಟ್ಟದಲ್ಲಿ ಎಣ್ಣೆ ಕುಡಿಸುತ್ತಿದ್ದರು. ಒಂದು ಮಧ್ಯಾಹ್ನ ಸತ್ತಿತು.

ಕೊಯ್ದು ನೋಡಿದರು. ಒಳಗಿನ ರಕ್ತದ ಕೊಳವೆ ಸುಣ್ಣಗಟ್ಟಿತ್ತು. "ಈಗ ತಿಳೀತು, ಇಷ್ಟು ಹಾಕಬಾರದು" ಎಂದರು ಡಾಕ್ಟರರು.

"ಹಂಗಾದ್ರ ಉಳಿದವಕ್ಕ?"

"ಅವಕ್ಕೂ ಹಿಂಗೇ ಆಗ್ತದೇನು, ನೋಡಬೇಕಲ್ಲ."

ಆಮೇಲೆ ಬಾಳೆಲ್ಲ ರಾಯಚೂರಿನಲ್ಲೇ ಹೋಯಿತು. ಬಾವಿಯಲ್ಲಿ ನಾನು ಚೇಪನೂನೆ, ದೇವದುರ್ಗದಲ್ಲಿ ಕಟ್ಟೆಯವಳು. ಚುಕ್ಕಿ ಸತ್ತ ಮರುದಿನ ಬೆಳಿಗ್ಗೆ ಎದ್ದು ಅದೇ ಸಾಲಿನ ಕರುಗಳಿಗೆ ತೌಡು ಕಲಸಿದೆ. ಎಣ್ಣೆ ಸುರಿದೆ. ನಾಲಿಗೆಗೆ ಹಚ್ಚಲಿಲ್ಲ.